ಚಿಂತೆಯೂ ಒಂದು ಧ್ಯಾನ



ಬರಬೇಕಾದ ಬಾಕಿ ಬಾರದಿದ್ದ ಒಂದು ರಾತ್ರಿ, ನಿದ್ರೆಯಿಲ್ಲದೆ ಖಾತೆಯ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಿದ್ದೆನು. ‘ಧ್ಯಾನದಲ್ಲಿ ಮನಸ್ಸು ನಿಲ್ಲದು’ ಎನ್ನುತ್ತಿದ್ದ ನನಗೆ ಆಗ ಅರಿವಾಯಿತು: ಮನಸ್ಸು ನಿಂತೇ ಇತ್ತು, ಆದರೆ ಬಾಕಿಯ ಮೇಲೆ.

ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಇದನ್ನೇ ಆರ್ತಧ್ಯಾನವೆಂದಿದ್ದಾರೆ. ಅನಿಷ್ಟದ ಸಂಯೋಗ, ಇಷ್ಟದ ವಿಯೋಗ, ವೇದನೆ, ಮುಂದಿನ ಭೋಗದ ಆಸೆ ಎಂದು ಅದು 4 ಬಗೆ. ನನ್ನದು ಇಷ್ಟವಿಯೋಗವೆಂದು ಗುರುತಿಸಿದೊಡನೆ ಭಯ ಅರ್ಧ ಇಳಿಯಿತು. ಎದ್ದು ಕುಳಿತು, 27 ಉಸಿರುಗಳಲ್ಲಿ 9 ಬಾರಿ ಣಮೋಕಾರ ಮಂತ್ರವನ್ನು ಜಪಿಸಿದೆನು.

ಬಾಕಿ ಮರುದಿನವೂ ಬರಲಿಲ್ಲ. ಆದರೆ ಸಾಲಗಾರನೊಡನೆ ನನ್ನ ಬಾಯಿಂದ ಕಟುನುಡಿ ಹೊರಡಲಿಲ್ಲ. ಹಣ ಹೋದುದು ಒಂದು ನಷ್ಟ. ಸಮಭಾವವೂ ಹೋದರೆ ಎರಡು. ಅದನ್ನು ಉಳಿಸಿಕೊಳ್ಳಲು ನಿತ್ಯ 48 ನಿಮಿಷಗಳ ಸಾಮಾಯಿಕ ಹೆಚ್ಚೇನಲ್ಲ.

ಜೈ ಜಿನೇಂದ್ರ.