ಪಕ್ಕದ ದೇಶ ಬಿಟ್ಟು ಇಲ್ಲಿಗೇ ಏಕೆ?

ಊರಿಗೆ ಹೋದಾಗ ನಮ್ಮಲ್ಲಿ ಅನೇಕರಿಗೆ ಎದುರಾಗುವ ಪ್ರಶ್ನೆ ಒಂದಿದೆ. "ಅಷ್ಟು ದೂರ ಹೋದವರು ಇಂಗ್ಲೆಂಡಿಗೇ ಏಕೆ ಹೋದಿರಿ? ಪಕ್ಕದಲ್ಲೇ ಫ್ರಾನ್ಸ್ ಇತ್ತು, ಹಾಲೆಂಡ್ ಇತ್ತು, ಜರ್ಮನಿ ಇತ್ತಲ್ಲ?" ನಕ್ಕು ಮಾತು ತೇಲಿಸಿಬಿಡುತ್ತೇವೆ. ಆದರೆ ಪ್ರಶ್ನೆ ಅಷ್ಟು ಹಗುರವಾದದ್ದಲ್ಲ. ಸೇಂಟ್ ಪ್ಯಾಂಕ್ರಾಸಿನಲ್ಲಿ ರೈಲು ಹತ್ತಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಪ್ಯಾರಿಸ್ಸು. ಹ್ಯಾರೋದಲ್ಲೋ ಇಲ್‌ಫರ್ಡಿನಲ್ಲೋ ಹೌನ್ಸ್ಲೋದಲ್ಲೋ ಮನೆ ಮಾಡಿಕೊಂಡ ನಾವು ಆ ಎರಡೂವರೆ ಗಂಟೆಯ ಈಚೆಗೇ ಏಕೆ ನಿಂತೆವು?

ಯುಗಾದಿಗೋ ದೀಪಾವಳಿಗೋ ಸೇರಿದಾಗ ಊಟದ ಸಾಲಿನಲ್ಲಿ ಕೇಳಿ ನೋಡಿ, ಉತ್ತರಗಳು ಸಿದ್ಧವಾಗಿರುತ್ತವೆ. ಇಲ್ಲಿ ಕಾನೂನಿಗೆ ಬೆಲೆ ಇದೆ. ಶಾಲೆಗಳು ಚೆನ್ನಾಗಿವೆ. ಕಾಯಿಲೆ ಬಿದ್ದರೆ ಜೇಬು ನೋಡುವುದಿಲ್ಲ. ಪ್ರತಿಭೆಗೆ ಮನ್ನಣೆ ಇದೆ. ಎಲ್ಲವೂ ಒಪ್ಪತಕ್ಕ ಮಾತೇ. ಆದರೆ ಹಾಲೆಂಡಿನಲ್ಲಿ ನ್ಯಾಯಾಲಯಗಳಿಲ್ಲವೆ? ಕಾರ್ಮಿಕರಿಗೆ ಆರೋಗ್ಯ ವಿಮೆಯನ್ನು ಜರ್ಮನಿ 1883ರಲ್ಲೇ ಕಾನೂನು ಮಾಡಿ ತಂದಿತ್ತು. ಈ ಗುಣಗಳೆಲ್ಲ ನೆರೆಯವರಲ್ಲೂ ಇದ್ದವು. ನಾವು ಯಾರೂ ನಾಲ್ಕು ದೇಶಗಳನ್ನು ಪಕ್ಕಪಕ್ಕ ಇಟ್ಟು ತೂಗಿ ನೋಡಿ ಹೊರಟವರಲ್ಲ. ಬಂದು ನೆಲೆ ನಿಂತ ಮೇಲೆ ಕಾರಣ ಹುಡುಕಿಕೊಂಡೆವು. ಮದುವೆಯಾದ ಮೇಲೆ ಜಾತಕ ಕೂಡಿಸಿ ನೋಡಿದ ಹಾಗೆ.

"ಇಂಗ್ಲಿಷ್ ಬರುತ್ತಿತ್ತು, ಅದಕ್ಕೆ ಬಂದೆವು" ಎನ್ನುವವರ ಉತ್ತರ ಸತ್ಯಕ್ಕೆ ಸ್ವಲ್ಪ ಹತ್ತಿರ. ಆದರೆ ಅದೂ ಪೂರ್ತಿಯಲ್ಲ. ಇಂಗ್ಲಿಷ್ ಮಾತನಾಡುವ ಐರ್ಲೆಂಡ್ ಇನ್ನೊಂದು ಪಕ್ಕದಲ್ಲಿತ್ತು. 1960ರ ದಶಕದಲ್ಲಿ ನಮ್ಮವರು ಡಬ್ಲಿನ್ನಿಗಿಂತ ಲಂಡನ್, ಬರ್ಮಿಂಗ್‌ಹ್ಯಾಮ್‌ಗಳ ಕಡೆಗೇ ಏಕೆ ಬಂದರು? ಆಗ ಐರ್ಲೆಂಡೇ ತನ್ನ ಮಕ್ಕಳನ್ನು ಕೆಲಸಕ್ಕೆಂದು ಇಲ್ಲಿಗೆ ಕಳಿಸುತ್ತಿತ್ತು. ನಮ್ಮ ವೈದ್ಯರ ಜೊತೆ ಅದೇ ವಾರ್ಡುಗಳಲ್ಲಿ ದುಡಿದ ದಾದಿಯರಲ್ಲಿ ಎಷ್ಟೋ ಮಂದಿ ಐರಿಷ್ ಹೆಣ್ಣುಮಕ್ಕಳು. ಭಾಷೆಯೊಂದೇ ಸಾಲದು, ಕೆಲಸವಿರಬೇಕು, ಬಾಗಿಲು ತೆರೆದಿರಬೇಕು.

ಆ ಬಾಗಿಲು ತೆರೆದಿತ್ತು. 1948ರ ಬ್ರಿಟಿಷ್ ರಾಷ್ಟ್ರೀಯತೆ ಕಾಯಿದೆಯ ಪ್ರಕಾರ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಇಲ್ಲಿಗೆ ಬಂದು ನೆಲೆಸಬಹುದಿತ್ತು. ಅದೇ ವರ್ಷ ಜುಲೈ 5ರಂದು ನ್ಯಾಷನಲ್ ಹೆಲ್ತ್ ಸರ್ವೀಸ್ ಶುರುವಾಯಿತು. ವರ್ಷಗಳುರುಳಿದಂತೆ ಅದಕ್ಕೆ ಇಲ್ಲಿನ ವೈದ್ಯರು ಸಾಲದೆ ಹೋದರು. ನಮ್ಮಲ್ಲಿ ಮೈಸೂರಿನ ಮೆಡಿಕಲ್ ಕಾಲೇಜು ಮೊದಲೇ ಇತ್ತು. 1953ರಲ್ಲಿ ಮಣಿಪಾಲ, 1955ರಲ್ಲಿ ಬೆಂಗಳೂರು, 1957ರಲ್ಲಿ ಹುಬ್ಬಳ್ಳಿಯ ಕಾಲೇಜುಗಳು ಬಂದವು. ಪಾಠ ಇಂಗ್ಲಿಷಿನಲ್ಲಿ. ಶಸ್ತ್ರಚಿಕಿತ್ಸೆ ಕಲಿಯಲು ಓದಿದ 'ಬೈಲಿ ಅಂಡ್ ಲವ್' ಇಬ್ಬರು ಬ್ರಿಟಿಷ್ ಸರ್ಜನ್ನರ ಪುಸ್ತಕ. ಭಾರತದ ಅನೇಕ ವೈದ್ಯಕೀಯ ಪದವಿಗಳಿಗೆ ಇಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ 1975ರವರೆಗೆ ಮಾನ್ಯತೆ ಕೊಟ್ಟಿತ್ತು. ವಿಮಾನ ಹತ್ತುವ ಮೊದಲೇ ಅವರು ಅರ್ಧ ದಾರಿ ಬಂದಾಗಿತ್ತು. ಎಫ್‌ಆರ್‌ಸಿಎಸ್ ಮಾಡಿಕೊಂಡು ವಾಪಸು ಹೋಗೋಣವೆಂದು ಬಂದರು. ಆಮೇಲೆ ಮಕ್ಕಳ ಶಾಲೆ, ಮನೆ ಸಾಲ, ಹೀಗೆ ಉಳಿದರು. ಈಚೆಗೆ ಬಂದ ಸಾಫ್ಟ್‌ವೇರ್ ತರುಣರ ಕತೆಯೂ ಬೇರೆಯಲ್ಲ. ಬೆಂಗಳೂರಿನ ಕಂಪನಿಗೆ ಗಿರಾಕಿ ಲಂಡನ್ನಿನ ಬ್ಯಾಂಕು. ಗಿರಾಕಿ ಫ್ರಾಂಕ್‌ಫರ್ಟಿನದಾಗಿದ್ದರೆ ಅವರು ಈಗ ಅಲ್ಲಿ ರಾಜ್ಯೋತ್ಸವ ಮಾಡುತ್ತಿದ್ದರು.

ಈ ದಾರಿ ಎಷ್ಟು ಆಳವಾಗಿ ತೋಡಿದ್ದೆಂಬುದಕ್ಕೆ ಒಂದು ಉದಾಹರಣೆ ಸಾಕು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವನು ಜರ್ಮನಿಯ ಹೆರ್ಮನ್ ಮೋಗ್ಲಿಂಗ್. ನಮ್ಮ ದೊಡ್ಡ ನಿಘಂಟನ್ನು 1894ರಲ್ಲಿ ಕೊಟ್ಟ ಫರ್ಡಿನೆಂಡ್ ಕಿಟೆಲ್ ಕೂಡ ಜರ್ಮನ್. ಕನ್ನಡಕ್ಕಾಗಿ ಇಷ್ಟು ದುಡಿದ ಜರ್ಮನರು ನಮಗೆ ಜರ್ಮನಿಯ ದಾರಿ ತೋರಿಸಬೇಕಿತ್ತಲ್ಲವೆ? ಆದರೆ ಕಿಟೆಲ್ಲರ ನಿಘಂಟು ಕನ್ನಡ–ಜರ್ಮನ್ ಅಲ್ಲ, ಕನ್ನಡ–ಇಂಗ್ಲಿಷ್. ಆಳುವವರ ಭಾಷೆ ಅದಾಗಿತ್ತು. ದಾರಿ ಹಾಕಿದ್ದು ಸಾಮ್ರಾಜ್ಯ. ಅದರ ಅನುಕೂಲಕ್ಕೆ ಹಾಕಿದ ದಾರಿಯಲ್ಲಿ ನಾವು ನಮ್ಮ ಅನುಕೂಲಕ್ಕೆ ನಡೆದೆವು.

ಇದನ್ನೆಲ್ಲ ಹೇಳುವುದು ಯಾರ ಶ್ರಮವನ್ನೂ ಕಡಿಮೆ ಮಾಡಲಿಕ್ಕಲ್ಲ. ರಾತ್ರಿ ಪಾಳಿಗಳು, ಯಾರೂ ಬಯಸದ ಊರಿನ ಹುದ್ದೆಗಳು, ಹಸಿಮೆಣಸಿನಕಾಯಿಗೂ ಅಲೆದ ದಿನಗಳು, ಇವು ನಮ್ಮ ಹಿರಿಯರ ಸ್ವಂತ ಸಂಪಾದನೆ. ಆದರೆ ದಾರಿ ಮಾತ್ರ ಸಂಪಾದನೆಯಲ್ಲ. 1962ರಲ್ಲಿ ಕಾಮನ್‌ವೆಲ್ತ್ ವಲಸಿಗರ ಕಾಯಿದೆ ಬಂತು. ಕೆಲಸಕ್ಕೆ ಬರುವವರಿಗೆ ವೋಚರ್ ಬೇಕಾಯಿತು. 1975ರಲ್ಲಿ ವೈದ್ಯರಿಗೆ ಪರೀಕ್ಷೆ ಬಂತು. ಅದೇ ಊರಿನಲ್ಲಿ, ಅದೇ ಅಂಕ ಪಡೆದು, ಕೆಲವೇ ವರ್ಷ ತಡವಾಗಿ ಹುಟ್ಟಿದವನಿಗೆ ಬಾಗಿಲು ಕಿರಿದಾಗಿತ್ತು. ಅವನು ನಮಗಿಂತ ದಡ್ಡನೇ? ಅಲ್ಲ.

ಈಗ ಪ್ರಶ್ನೆಯ ಇನ್ನೊಂದು ಮುಖಕ್ಕೆ ಬರೋಣ. ಇದೇ ಪ್ರಶ್ನೆಯನ್ನು ನಾವು ಬೇರೆಯವರಿಗೆ ಹಾಕುವುದನ್ನು ಕೇಳಿದ್ದೇನೆ. ಕ್ಯಾಲೆಯಿಂದ ರಬ್ಬರ್ ದೋಣಿಯಲ್ಲಿ ಚಾನೆಲ್ ದಾಟಿ ಬರುವವರ ಸುದ್ದಿ ಟೀವಿಯಲ್ಲಿ ಬಂದಾಗ, "ಫ್ರಾನ್ಸ್ ಏನು ಕೆಟ್ಟ ದೇಶವೇ? ಅಲ್ಲೇ ಇರಬಾರದೇ? ಇಲ್ಲಿಗೇ ಏಕೆ?" ಎನ್ನುತ್ತೇವೆ. 2022ರಲ್ಲಿ ಹೀಗೆ ಬಂದವರು 45 ಸಾವಿರಕ್ಕೂ ಹೆಚ್ಚು. ಆದರೆ ಅದೇ ವರ್ಷ ಫ್ರಾನ್ಸಿನಲ್ಲೂ ಜರ್ಮನಿಯಲ್ಲೂ ಆಶ್ರಯ ಕೇಳಿದವರು ಬ್ರಿಟನ್ನಿಗಿಂತ ಹೆಚ್ಚು. ಅಂದರೆ ಬಹಳ ಮಂದಿ ಅಲ್ಲೇ ನಿಂತರು. ಮುಂದೆ ಬಂದವರಲ್ಲಿ ಒಬ್ಬನಿಗೆ ಅಣ್ಣ ಇಲ್ಲಿದ್ದಾನೆ, ಒಬ್ಬನಿಗೆ ನಾಲ್ಕು ಮಾತು ಇಂಗ್ಲಿಷ್ ಬರುತ್ತದೆ, ಇನ್ನೊಬ್ಬ ಅಫ್ಘಾನಿಸ್ತಾನದಲ್ಲಿ ಬ್ರಿಟಿಷ್ ಸೈನ್ಯದ ಜೊತೆ ಕೆಲಸ ಮಾಡಿದವನು. ಭಾಷೆ, ಬಂಧು, ಹಳೆಯ ಸಂಬಂಧ: ಊಟದ ಸಾಲಿನಲ್ಲಿ ನಾವು ಪ್ರಾಮಾಣಿಕವಾಗಿ ಹೇಳಿದರೆ ನಮ್ಮ ಕಾರಣಗಳೂ ಇವೇ. 2021ರ ನವೆಂಬರ್ 24ರಂದು ಆ ನೀರಿನಲ್ಲಿ ಕನಿಷ್ಠ 27 ಮಂದಿ ಮುಳುಗಿ ಸತ್ತರು. ಅವರನ್ನು "ಅಲ್ಲೇ ಏಕೆ ಇರಲಿಲ್ಲ" ಎಂದು ಕೇಳುವ ಹಕ್ಕು ನಮಗೆ ಎಷ್ಟಿದೆ?

"ನಾವು ಕಾನೂನುಬದ್ಧವಾಗಿ ಬಂದವರು, ಅವರಿಗೂ ನಮಗೂ ಹೋಲಿಕೆಯೇ?" ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಮಾತು. ವ್ಯತ್ಯಾಸ ನಿಜ. ಯಾವ ದೇಶಕ್ಕೂ ತನ್ನ ಗಡಿಯಲ್ಲಿ ಯಾರು ಬರಬೇಕೆಂದು ನಿಯಮ ಮಾಡುವ ಅಧಿಕಾರವಿದೆ, ಇರಬೇಕು. ಯಾರನ್ನು ಒಳಗೆ ಬಿಡಬೇಕು, ಎಷ್ಟು ಮಂದಿಯನ್ನು ಬಿಡಬೇಕು ಎಂಬ ಬಗ್ಗೆ ನಮ್ಮ ಬಳಗದಲ್ಲೇ ನಾಲ್ಕು ಅಭಿಪ್ರಾಯಗಳಿರಲಿ. ಮತ ಹಾಕುವವರು ಹಾಕಲಿ. ನನ್ನ ಮಾತು ಕಾನೂನಿನದಲ್ಲ, ತಾತ್ಸಾರದ್ದು. ಕಾನೂನು ನಮ್ಮ ಪಾಲಿಗೆ ಬಾಗಿಲಾಯಿತು, ಅವರ ಪಾಲಿಗೆ ಗೋಡೆಯಾಯಿತು. ಬಾಗಿಲನ್ನು ನಾವು ಕಟ್ಟಲಿಲ್ಲ. ಕಟ್ಟದ ಬಾಗಿಲಿನಿಂದ ಬಂದವರು ಗೋಡೆಯ ಆಚೆ ಇರುವವರನ್ನು ಕೀಳಾಗಿ ಕಾಣುವುದು ಯಾವ ಧರ್ಮ?

ನಮ್ಮ ಹಿರಿಯರ ಬಾಯಲ್ಲಿ "ಋಣ" ಎಂಬ ಒಳ್ಳೆಯ ಮಾತೊಂದಿದೆ. "ಅಲ್ಲಿನ ಅನ್ನದ ಋಣ ಇತ್ತು, ಹೋದ" ಎನ್ನುತ್ತಿದ್ದರು. ಈ ಮಾತಿನಲ್ಲಿ ಜಂಬವಿಲ್ಲ, ಆರಿಸಿಕೊಂಡೆನೆಂಬ ಹೆಮ್ಮೆಯಿಲ್ಲ. ತೀರಿಸಬೇಕಾದ್ದು ಒಂದಿದೆ ಎಂಬ ನೆನಪು ಮಾತ್ರ ಇದೆ. ಈ ದೇಶಕ್ಕೆ ನಮ್ಮವರು ದುಡಿದು ಆ ಋಣವನ್ನು ಬಹುಮಟ್ಟಿಗೆ ತೀರಿಸಿದ್ದಾರೆ ಎಂದೇ ನನ್ನ ನಂಬಿಕೆ. ಉಳಿದಿರುವುದು ನಮ್ಮ ಹಿಂದೆ ಬರುವವರದು.

ಇಲ್ಲಿ ಹುಟ್ಟಿದ ಮಕ್ಕಳು "ಅಜ್ಜ ಇಲ್ಲಿಗೇ ಏಕೆ ಬಂದರು?" ಎಂದು ಕೇಳುತ್ತಾರೆ. ಅರವತ್ತರ ದಶಕದಲ್ಲಿ ಬಂದವರಲ್ಲಿ ಅನೇಕರು ಈಗ ನಮ್ಮೊಡನಿಲ್ಲ. ಇರುವವರು ಎಂಬತ್ತು ದಾಟಿದ್ದಾರೆ. ದಯವಿಟ್ಟು ಅವರ ಬಳಿ ಕುಳಿತು ಕೇಳಿ, ಬರೆದಿಡಿ. ಅಜ್ಜನ ಜಾಣತನದ ಕತೆಯ ಜೊತೆಗೆ ಕಾಯಿದೆಯ ಕತೆ, ಪುಸ್ತಕದ ಕತೆ, ಮೊದಲ ರಾತ್ರಿ ಮಲಗಲು ಜಾಗ ಕೊಟ್ಟ ಗೆಳೆಯನ ಕತೆ ಎಲ್ಲವೂ ಇರಲಿ. ಅದನ್ನು ಕೇಳಿ ಬೆಳೆದ ಮಗು, ಮುಂದೆ ಯಾರನ್ನಾದರೂ "ಇಲ್ಲಿಗೇ ಏಕೆ ಬಂದೆ?" ಎಂದು ಕೇಳಿದರೆ, ಉತ್ತರ ಬರುವವರೆಗೆ ಕಾದೀತು.

ನಿಮ್ಮ ಕಾರಣಗಳು ಬೇರೆಯಿದ್ದರೆ ಮುಂದಿನ ಸಂಚಿಕೆಗೆ ಅವಶ್ಯವಾಗಿ ಬರೆಯಿರಿ.