ನೆಲಕ್ಕಂಟಿದ ಚಳಿ

ನವೆಂಬರಿನಲ್ಲಿ ಮುಂಬಯಿ ಕಡೆಯವರು ಚಳಿಯ ಮಾತೆತ್ತಿದರೆ ಬೆಳಗಾವಿ, ಧಾರವಾಡದ ನೆಂಟರು ನಗುತ್ತಾರೆ. ಮಧ್ಯಾಹ್ನ 33 ಡಿಗ್ರಿ ಬಿಸಿಲು, ಮನೆಯಲ್ಲಿ ಫ್ಯಾನು ತಿರುಗುತ್ತಲೇ ಇದೆ, ಇದೆಂಥ ಚಳಿ ಎನ್ನುತ್ತಾರೆ. ಅವರು ನಸುಕಿನ ಐದಕ್ಕೆ ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ಗೇಟಿನೆದುರು ನಿಂತು ನೋಡಬೇಕು. ಲಾರಿಯ ಟಾರ್ಪಾಲಿನ ಮೇಲೆ ಇಬ್ಬನಿ, ಬೀದಿದೀಪದ ಸುತ್ತ ಬೂದು ಬಣ್ಣದ ಮಬ್ಬು. ಅದನ್ನು ಮಂಜು ಎನ್ನುವವರೇ ಹೆಚ್ಚು. ಅದರಲ್ಲಿ ಹೊಗೆಯೂ ಧೂಳೂ ಬೇಕಾದಷ್ಟಿವೆ.

ಅಕ್ಟೋಬರಿನಲ್ಲಿ ಮುಂಗಾರು ಹಿಂದೆ ಸರಿದ ಮೇಲೆ ಆಕಾಶ ತಿಳಿಯಾಗುತ್ತದೆ. ಹಗಲು ಕಾದ ನೆಲ ರಾತ್ರಿ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ, ಅದನ್ನು ತಡೆದಿಡಲು ಮೋಡವಿಲ್ಲ. ನೆಲಕ್ಕಂಟಿದ ಗಾಳಿ ತಣ್ಣಗಾಗಿ ಕೆಳಗೇ ಕೂರುತ್ತದೆ, ಅದರ ಮೇಲೊಂದು ಬೆಚ್ಚನೆಯ ಪದರ ಮುಚ್ಚಳದ ಹಾಗೆ ಕೂತುಬಿಡುತ್ತದೆ. ಘೋಡಬಂದರ್ ರಸ್ತೆಯ ಧೂಳು, ಲಾರಿಗಳ ಹೊಗೆ, ಯಾರೋ ಸುಟ್ಟ ಕಸದ ಘಾಟು ಎಲ್ಲವೂ ಆ ಮುಚ್ಚಳದ ಕೆಳಗೇ. ಸೂರ್ಯ ಏರಿ, ಮಧ್ಯಾಹ್ನ ಕಡಲಗಾಳಿ ಬೀಸುವವರೆಗೆ ಬಿಡುಗಡೆ ಇಲ್ಲ. ಮೂರು ಕಡೆ ನೀರಿರುವ ಕೊಲಾಬಾದಲ್ಲಿ ರಾತ್ರಿಯೂ ಬೆಚ್ಚಗಿರುತ್ತದೆ. ಯೇವೂರು ಗುಡ್ಡದ ಮಗ್ಗುಲಿನ ಠಾಣೆಯ ನಮಗೆ ಆ ಭಾಗ್ಯ ಕಡಿಮೆ.

ಕಡಲು ದಡವನ್ನು ಹೇಗೆ ಕಾಯುತ್ತದೆ ಎಂಬುದು ಕೆನಡಾದ ಚರ್ಚಿಲ್ ಎಂಬ ಊರಿನಲ್ಲಿ ಇನ್ನೂ ಸ್ಪಷ್ಟ. ಅದು ಹಡ್ಸನ್ ಕೊಲ್ಲಿಯ ದಂಡೆಯಲ್ಲಿದೆ. ಕೊಲ್ಲಿಯ ನೀರು ನೀರಾಗಿ ಇರುವಷ್ಟು ದಿನ ತನ್ನೊಳಗಿನ ಶಾಖವನ್ನು ಊರಿಗೆ ಕೊಡುತ್ತಿರುತ್ತದೆ. ನವೆಂಬರಿನ ಸುಮಾರಿಗೆ ಅದು ಹೆಪ್ಪುಗಟ್ಟಿತೋ, ಚಳಿಯ ಹಿಡಿತ ಬಿಗಿಯಾಯಿತು. ಹಿಮ ಗಟ್ಟಿಯಾದರೆ ಸೀಲ್ ಬೇಟೆಗೆ ಹೋಗಬಹುದೆಂದು ಹಿಮಕರಡಿಗಳು ದಡದಲ್ಲಿ ಕಾಯುವುದೂ ಆಗಲೇ. ಕರಡಿ ಎದುರಾದವರು ಓಡಿಬಂದು ಒಳಸೇರಲಿ ಎಂದು ಅಲ್ಲಿನ ಜನ ಕಾರಿನ ಬಾಗಿಲಿಗೆ ಬೀಗ ಹಾಕದೆ ಬಿಡುತ್ತಾರೆ. ಬೀದಿಯಲ್ಲಿರುವ ಅಪರಿಚಿತನ ಯೋಚನೆ ಇಡೀ ಊರಿಗಿದೆ. ನನಗೆ ಆ ಊರಿನ ಹಿಮಕ್ಕಿಂತ ಈ ರೂಢಿಯೇ ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ಬೀದಿಯಲ್ಲಿರುವವರು ಯಾರು? ರಾತ್ರಿಪಾಳಿಯ ಕಾವಲುಗಾರರು, ಬೆಳಗಿನ ಕೆಲಸ ಹುಡುಕಿ ನಾಕಾದಲ್ಲಿ ನಿಲ್ಲುವವರು, ಪೇಪರ್, ಹಾಲು ಹಂಚುವ ಹುಡುಗರು. ಅವರಲ್ಲಿ ಕಲಬುರಗಿ, ಯಾದಗಿರಿ ಕಡೆಯವರೂ ಇದ್ದಾರೆ. ಸೇಡಂ ಕಡೆಯ ಕಾವಲುಗಾರರೊಬ್ಬರು ಅಂಗಿಯ ಮೇಲೆ ಅಂಗಿ ತೊಟ್ಟು, ಕಿವಿಗೆ ಟವೆಲ್ ಬಿಗಿದು, ಗಾಜಿನ ಲೋಟದ ಚಹಾವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಿದ್ದರು. "ಬಿಸಲಿಗಿ ನಾವು ಅಂಜಂಗಿಲ್ರಿ ಅಣ್ಣಾರ, ಈ ನಸುಕಿನ ಥಂಡಿ ಮಾತ್ರ ಎಲುಬಿಗೇ ಹತ್ತತದ್ರಿ" ಎಂದರು. ಅವರ ಕಾಲ ಬಳಿ ರಟ್ಟು, ಪ್ಯಾಕಿಂಗ್ ಪಟ್ಟಿ, ಮುರಿದ ಪೆಟ್ಟಿಗೆಯ ಹಲಗೆ ಸೇರಿ ಉರಿಯುತ್ತಿದ್ದವು. ಪ್ಲಾಸ್ಟಿಕ್ಕಿನ ಆ ಹೊಗೆ ಮೊದಲು ಹೋಗುವುದು ಅವರ ಎದೆಗೇ. ಮನೆಗೆ ಹೋದರೂ ತಗಡಿನ ಮಾಡು: ಹಗಲು ಕಾಯುತ್ತದೆ, ರಾತ್ರಿ ತಣ್ಣಗೆ ಕೊರೆಯುತ್ತದೆ.

ಈ ಕಡೆ ಚಳಿಯೇ ಬೀಳುವುದಿಲ್ಲ ಎನ್ನುವಂತೆಯೂ ಇಲ್ಲ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 1962ರ ಜನವರಿ 22ರಂದು ಉಷ್ಣಾಂಶ 7.4 ಡಿಗ್ರಿಗೆ ಇಳಿದಿತ್ತು. ಅದೇ ವರ್ಷದ ಆಗಸ್ಟ್ 1ರಂದು ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ, ಎಂಐಡಿಸಿ, ಇದೇ ವಾಗ್ಳೆ ಎಸ್ಟೇಟಿನಿಂದ ತನ್ನ ಕೆಲಸ ಶುರುಮಾಡಿತು. ಅಂದಿನಿಂದ ಇಲ್ಲಿ ಕಾರ್ಖಾನೆಗಳು ಬಂದವು, ಹೋದವು, ಈಗ ಗಾಜಿನ ಕಚೇರಿಗಳೂ ಎದ್ದಿವೆ. ಮಳೆಗಾಲ ಬಂತೆಂದರೆ ಚರಂಡಿ ತೆರವು, ಟಾರ್ಪಾಲು, ರೇನ್‌ಕೋಟು ಎಂದು ಎಲ್ಲರೂ ಓಡಾಡುತ್ತಾರೆ. ಚಳಿಗಾಲಕ್ಕೆ ಅಂಥ ತಯಾರಿ ನಾನು ಕಂಡಿಲ್ಲ, ಚಳಿಯೇ ಇಲ್ಲವೆಂದು ನಾವು ಮೊದಲೇ ತೀರ್ಮಾನಿಸಿದ್ದೇವಲ್ಲ!

ದೆಹಲಿಯ ಮಾಲಿನ್ಯ ತಡೆ ಕ್ರಮಗಳಲ್ಲಿ, ಬೆಂಕಿ ಹಾಕುವುದನ್ನು ತಪ್ಪಿಸಲು ಕಾವಲುಗಾರರಿಗೆ ವಿದ್ಯುತ್ ಹೀಟರ್ ಕೊಡಿ ಎಂದು ನಿವಾಸಿಗಳ ಸಂಘಗಳಿಗೆ ಹೇಳಲಾಗಿದೆ. ಬೆಂಕಿ ಹಾಕಬೇಡಿ ಎಂಬ ಬೋರ್ಡು ತೂಗುಹಾಕುವುದಕ್ಕಿಂತ ಅದು ಎಷ್ಟೋ ಮನುಷ್ಯತ್ವದ ದಾರಿ. ನಮ್ಮ ಸೊಸೈಟಿಗಳು, ಕಾರ್ಖಾನೆಗಳು ಇದನ್ನು ಜನವರಿಯವರೆಗೆ ಮುಂದೂಡಬಾರದು. ಒಂದು ಹೀಟರು, ತಲೆಗೊಂದು ಸ್ವೆಟರು, ಮೂರು ಕಡೆ ಮರೆಯಿರುವ ಕ್ಯಾಬಿನ್ನು. ಖರ್ಚನ್ನು ಈ ತಿಂಗಳ ಮೇಂಟೆನೆನ್ಸಿನಲ್ಲೇ ಸೇರಿಸಿದರೂ ಮನೆಯೊಂದಕ್ಕೆ ಬೀಳುವುದು ಅಲ್ಪವೇ.