ಮೂರನೇ ಇಯತ್ತೆ ದಾಟಿದ ಮೇಲೆ

ಮೂರನೇ ಇಯತ್ತೆಯ ತನಕ ಹುಡುಗನ ಮೇಲೆ ಅಂಥ ದೂರೇನೂ ಬರುವುದಿಲ್ಲ. ಸರಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂಡುತ್ತಾರೆ, ಕಾರ್ಡು ಹಿಡಿದು ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ ಏಳುತ್ತಾರೆ, ಹಾಡುತ್ತಾರೆ. ಕೂತಲ್ಲಿ ಕೂಡದ ಮಗು ಅಲ್ಲಿ ಎದ್ದು ಕಾಣುವುದಿಲ್ಲ. ನಾಲ್ಕನೆಯದಕ್ಕೆ ಬಂದೊಡನೆ ಬೆಂಚು, ಕರಿಹಲಗೆ, ಬರೆದದ್ದನ್ನು ನೋಡಿ ಬರೆಯುವ ಕೆಲಸ. ಆಗ ಮನೆಗೆ ಮಾತು ಬರುತ್ತದೆ: "ನಿಮ್ಮ ಹುಡುಗ ತಾನೂ ಕೂಡೂದಿಲ್ಲ, ಮಂದಿ ಮಕ್ಕಳನೂ ಕೂಡಗೊಡೂದಿಲ್ಲರಿ." ಹುಡುಗ ಮೊದಲು ಹೇಗಿದ್ದನೋ ಹಾಗೇ ಇದ್ದಾನೆ. ಕೋಣೆ ಬದಲಾಗಿದೆ.

ಉಪ್ಪಿನಬೆಟಗೇರಿಯಂಥ ಊರಿನಲ್ಲಿ ಈ ದೂರು ಮೊದಲು ಬಡಿಯುವುದು ತಾಯಿಯ ಮೇಲೆ. ಕೊಂಡಾಟ ಜಾಸ್ತಿ ಮಾಡಿದಿ, ಮೊಬೈಲ್ ಕೊಟ್ಟು ಕೆಡಿಸಿದಿ ಎನ್ನುತ್ತಾರೆ. ದೃಷ್ಟಿ ತೆಗೆಯುವುದು, ತಾಯತ ಕಟ್ಟಿಸುವುದು ಆಗುತ್ತದೆ. ಸಾಲದಿದ್ದರೆ ಬೆತ್ತ, ಅದೂ ಸಾಲದಿದ್ದರೆ ಹಾಸ್ಟೆಲ್ಲಿಗೆ ಹಾಕುವ ಬೆದರಿಕೆ. ಮೊಬೈಲಿನಿಂದ ಇದು ಹೆಚ್ಚಾಗಬಹುದು, ಹುಟ್ಟಿದ್ದಂತೂ ಅದರಿಂದಲ್ಲ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು 1902ರಲ್ಲಿ. ಆಗ ರೇಡಿಯೋ ಸಹ ಮನೆಗಳಿಗೆ ಬಂದಿರಲಿಲ್ಲ.

ಇವತ್ತು ಅದಕ್ಕೆ ಎಡಿಎಚ್‌ಡಿ ಎನ್ನುತ್ತಾರೆ. ಜಗತ್ತಿನಲ್ಲಿ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದೆ ಎಂಬುದು ಒಪ್ಪಿತ ಅಂದಾಜು. ಗಮನ ನಿಲ್ಲದಿರುವುದು, ಅತಿಯಾದ ಚಟುವಟಿಕೆ, ತಡೆಯಿಲ್ಲದೆ ಎರಗುವ ಸ್ವಭಾವ ಆರು ತಿಂಗಳಾದರೂ ಇರಬೇಕು, ಹನ್ನೆರಡು ವರ್ಷದೊಳಗೇ ಶುರುವಾಗಿರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ತೊಂದರೆ ಕೊಡಬೇಕು. ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿಯಬೇಕು. ಶಾಲೆಯಲ್ಲಷ್ಟೇ ಗದ್ದಲ ಮಾಡುವ ಹುಡುಗನಿಗೆ ಕಿವಿ ಮಂದವಿರಬಹುದು, ಕಣ್ಣು ಮಂಜಿರಬಹುದು, ಅಥವಾ ಅಲ್ಲಿ ಹೊಡೆಯುವವರು ಯಾರೋ ಇರಬಹುದು. ಇನ್ನು ಕಿಟಕಿ ಬದಿಗೆ ಕೂತು ಹೊರಗೆ ನೋಡುವ ಹುಡುಗಿಯ ಬಗ್ಗೆ ಯಾವ ಮಾಸ್ತರರೂ ದೂರು ಹೇಳುವುದಿಲ್ಲ. ಗದ್ದಲವಿಲ್ಲದ ಎಡಿಎಚ್‌ಡಿಯೂ ಇದೆ. "ದಡ್ಡಿ" ಎನಿಸಿಕೊಂಡು ಅವಳು ಏಳನೇ ಇಯತ್ತೆಗೇ ಮನೆಗೆಲಸಕ್ಕೆ ನಿಲ್ಲುತ್ತಾಳೆ.

"ಮೊಬೈಲ್ ಹಿಡದರ ತಾಸುಗಟ್ಟಲೆ ಕೂಡ್ತಾನಲ್ಲ, ಗಮನ ಇಲ್ಲ ಅಂತ ಹೆಂಗ ಹೇಳ್ತೀರಿ?" ಅಪ್ಪಂದಿರು ತಪ್ಪದೆ ಕೇಳುವ ಪ್ರಶ್ನೆ ಇದು. ಹೋರಿಗೆ ಕಸುವು ಕಡಿಮೆಯಾಗಿಲ್ಲ, ಮೂಗುದಾರ ಕೈಗೆ ಸಿಗುತ್ತಿಲ್ಲ, ಅಷ್ಟೇ. ಕ್ಷಣಕ್ಷಣಕ್ಕೂ ಬಹುಮಾನ ಕೊಡುವ ಆಟದ ಮೇಲೆ ಗಮನ ತಾನಾಗಿ ನಿಲ್ಲುತ್ತದೆ. ಮಗ್ಗಿ ಬರೆಯುವಾಗ ಅದನ್ನು ತಂದು ನಿಲ್ಲಿಸಬೇಕು, ಅದು ಈ ಮಕ್ಕಳಿಗೆ ಆಗುವುದಿಲ್ಲ. ಮೂಲೆಯಲ್ಲಿ ಕೂತ ಅಜ್ಜಿ ಇಷ್ಟರಲ್ಲಿ ಅಂದಿರುತ್ತಾಳೆ, "ಇವರಪ್ಪನೂ ಹಿಂಗ ಇದ್ದ." ವೈದ್ಯರಿಗೆ ಬೇಕಾದದ್ದೂ ಅದೇ. ಎಡಿಎಚ್‌ಡಿಯಲ್ಲಿ ವಂಶದ ಪಾಲು ಬಹಳ ದೊಡ್ಡದು. ಹಾಗಿರುವಾಗ ತಾಯಿಯ ಕೊಂಡಾಟವನ್ನು ಬೈಯುವುದಕ್ಕೆ ಅರ್ಥವೇನು?

ಉಪ್ಪಿನಬೆಟಗೇರಿಯಿಂದ ಧಾರವಾಡದ ಡಿಮ್ಹಾನ್ಸ್‌ಗೆ ಬಸ್ಸಿನ ದಾರಿ ದೂರದ್ದಲ್ಲ. ದೂರ ಇರುವುದು ಬೇರೆ ಕಡೆ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದ ಜಾಗ ಅದು, ಈಗ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಬೋರ್ಡು ಬದಲಾಯಿತು, ಜನರ ಬಾಯಿ ಬದಲಾಗಲಿಲ್ಲ. ಧಾರವಾಡದ ಹರಟೆಯಲ್ಲಿ ಆ ದವಾಖಾನೆಯ ಮೇಲೆ ಚಾಷ್ಟಿ ಮಾಡದವರು ಕಡಿಮೆ. ನಗುವವರು ನಕ್ಕು ಚಹಾ ಕುಡಿದು ಹೋಗುತ್ತಾರೆ. ಅದರ ಬೆಲೆ ಕೊಡುವವಳು ಆ ಗೇಟಿನ ಮುಂದೆ ಇಳಿಯಲು ಹೆದರಿ ಮಗನನ್ನು ವಾಪಸ್ ಕರೆದೊಯ್ಯುವ ತಾಯಿ.

ಅಲ್ಲಿಯವರೆಗೆ ಹೋಗಲು ಧೈರ್ಯ ಸಾಲದವರಿಗೆ ಬೇರೆ ಬಾಗಿಲುಗಳೂ ಇವೆ. ಶಾಲೆ, ಅಂಗನವಾಡಿಗಳಿಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ ನೋಡಬೇಕಾದ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ, 2013ರಿಂದಲೂ, ಎಡಿಎಚ್‌ಡಿ ಇದೆ. ತಂಡ ಬಂದ ದಿನ ಅಕ್ಕೋರು ಆ ಮಗುವನ್ನು ಮುಂದೆ ತಂದು ನಿಲ್ಲಿಸಿದರೆ ಸಾಕು. 14416ಕ್ಕೆ ಫೋನ್ ಮಾಡಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನವರು ದುಡ್ಡು ತೆಗೆದುಕೊಳ್ಳದೆ ಕನ್ನಡದಲ್ಲೇ ಮಾತಾಡುತ್ತಾರೆ.

ಚಿಕಿತ್ಸೆ ಎಂದೊಡನೆ ಎಲ್ಲರಿಗೂ ಗುಳಿಗೆ ನೆನಪಾಗುತ್ತದೆ. ಆರು ವರ್ಷದೊಳಗಿನ ಮಗುವಿಗೆ ಮೊದಲು ಗುಳಿಗೆ ಅಲ್ಲ, ತಂದೆತಾಯಿಗೆ ತರಬೇತಿ. ಒಂದು ಸಲಕ್ಕೆ ಒಂದೇ ಮಾತು, ಅದೂ ಹತ್ತಿರ ಹೋಗಿ, ಮುಖ ನೋಡಿ. ಮಾಡಿದ ಒಳ್ಳೆಯದಕ್ಕೆ ಅಲ್ಲೇ ಶಾಬ್ಬಾಸ್. ಅಭ್ಯಾಸ ಹತ್ತು ನಿಮಿಷದ ತುಂಡುಗಳಲ್ಲಿ, ನಡುವೆ ಎದ್ದು ಓಡಾಡಲು ಬಿಡುವು. ಕೇಳಲು ಸುಲಭ. ತುಂಬಿದ ಮನೆಯಲ್ಲಿ ತಾಯಿ ಒಂದು ಹೇಳಿದರೆ ಅಜ್ಜ ಇನ್ನೊಂದು ಹೇಳುತ್ತಾನೆ, ಕಾಕಾ ಬಂದು ಎರಡು ಬಿಟ್ಟು ಹೋಗುತ್ತಾನೆ. ಗುಳಿಗೆಗಿಂತ ಕಹಿ ಇದೇ, ಏಕೆಂದರೆ ಇದನ್ನು ನುಂಗಬೇಕಾದವರು ದೊಡ್ಡವರು. ಅಪ್ಪ ಜೊತೆಗೆ ಬರದ ಮನೆಯಲ್ಲಿ ಇದು ಅರ್ಧಕ್ಕೇ ನಿಲ್ಲುತ್ತದೆ ಎಂದು ನನ್ನ ಅನಿಸಿಕೆ.

ದೊಡ್ಡ ಮಕ್ಕಳಿಗೆ ಔಷಧಿ ನಿಜಕ್ಕೂ ಕೆಲಸ ಮಾಡುತ್ತದೆ. ಅದು ಗೊತ್ತಾದದ್ದು ಅಕಸ್ಮಾತ್. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರ್ಯಾಡ್ಲಿ ತಲೆನೋವಿಗೆಂದು ಕೊಟ್ಟ ಉತ್ತೇಜಕ ಗುಳಿಗೆಯಿಂದ ಮೂವತ್ತು ಮಕ್ಕಳಲ್ಲಿ ಅರ್ಧದಷ್ಟು ಮಂದಿ ಪಾಠದಲ್ಲಿ ಗಮನ ಕೊಡತೊಡಗಿದರು. ಈಗ ಹೆಚ್ಚಾಗಿ ಕೊಡುವುದು ಮೀಥೈಲ್‌ಫೆನಿಡೇಟ್. ಅದು ನಿದ್ದೆಯ ಗುಳಿಗೆಯಲ್ಲ. ಒಂದು ತಾಸಿನೊಳಗೆ ಪರಿಣಾಮ ಶುರು, ಕೆಲವು ತಾಸಿಗೆ ಮುಗಿಯುತ್ತದೆ. ಹಸಿವೆ ಸಾಯಿಸುತ್ತದೆ, ಆದ್ದರಿಂದ ಮುಂಜಾನೆ ರೊಟ್ಟಿ ಉಂಡ ಮೇಲೆ ಕೊಡುವುದು, ತೂಕ-ಎತ್ತರ ಆಗಾಗ ಅಳೆಯಿಸುವುದು. ಕಾನೂನಿನ ನಿಯಂತ್ರಣವಿರುವ ಔಷಧಿಯಾದ್ದರಿಂದ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಚೀಟಿ ಇಲ್ಲದೆ ಕೊಡುವುದೂ ಇಲ್ಲ. ಅದು ಒಗ್ಗದವರಿಗೆ ಆಟೊಮಾಕ್ಸಿಟಿನ್ ಇದೆ, ಅದರ ಫಲ ಕಾಣಲು ವಾರಗಳೇ ಬೇಕು. 1999ರಲ್ಲಿ ಪ್ರಕಟವಾದ, 579 ಮಕ್ಕಳ ಮೇಲೆ ನಡೆದ ಅಮೆರಿಕದ ಅಧ್ಯಯನದಲ್ಲಿ ಚೆನ್ನಾಗಿ ನಿಗಾ ಇಟ್ಟು ಕೊಟ್ಟ ಔಷಧಿ ಬರೀ ನಡವಳಿಕೆ ತರಬೇತಿಗಿಂತ ಮೇಲಾಯಿತು. ಎರಡೂ ಕೂಡಿದಾಗ ಗುಳಿಗೆಯ ಪ್ರಮಾಣ ಕಡಿಮೆ ಸಾಕಾಯಿತು. ಆದರೆ ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ಅಂತರ ಅಳಿಸಿಹೋಗಿತ್ತು. ಒಂದು ವರ್ಷ ನುಂಗಿಸಿ ಕೈ ತೊಳೆದುಕೊಳ್ಳುವ ಕೆಲಸವಲ್ಲ ಇದು.

ಕಾಗದಪತ್ರದ ಒಂದು ಮಾತು ಉಳಿದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಇಪ್ಪತ್ತೊಂದು ನ್ಯೂನತೆಗಳಲ್ಲಿ ಎಡಿಎಚ್‌ಡಿಯ ಹೆಸರಿಲ್ಲ, ಓದು-ಬರಹ-ಲೆಕ್ಕದ ಕಲಿಕಾ ನ್ಯೂನತೆಯ ಹೆಸರಿದೆ. ಎರಡೂ ಒಟ್ಟಿಗೇ ಇರುವ ಮಕ್ಕಳು ಬಹಳ. ಆದ್ದರಿಂದ ದವಾಖಾನೆಗೆ ಹೋದವರು ಕಲಿಕಾ ನ್ಯೂನತೆಯ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಗೆ ದಾರಿಯಾಗುತ್ತದೆ. ಹತ್ತನೇ ಇಯತ್ತೆಯ ಸಂಕ್ರಾಂತಿ ಮುಗಿದ ಮೇಲೆ ಓಡಾಡಿದರೆ ಅದು ಕೈಗೆ ಬರುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ.